ಹಾಜರಿ ಲೆಕ್ಕದ ಮೊಟ್ಟೆಗಳು

ಆ ಹನ್ನೊಂದು ಮೊಟ್ಟೆ ನಮ್ಮ ಅತ್ತೆಯ ಕೋಳಿಗಳವು. ಬೆಳಗಾವಿ ಕಡೆಯ ಊರಿನಲ್ಲಿ ಅತ್ತೆ ತೀರಿಕೊಂಡ ಮೇಲೆ ಕೋಳಿಗಳನ್ನೆಲ್ಲ ಹೆಂಡತಿಯ ಅಣ್ಣಂದಿರು ಮಾರಿಬಿಟ್ಟರು. ಕಡೆಗೆ ಸಿಕ್ಕ ಇಷ್ಟನ್ನು ಹೆಂಡತಿ ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಜೋಗೇಶ್ವರಿಯ ನಮ್ಮ ಚಾಳಿಗೆ ತಂದಳು. ತಂದ ಮೇಲೆ ಚಿಂತೆಗೆ ಬಿದ್ದಳು. ಕಾವಿಗೆ ಕೂರುವ ಕೋಳಿ ಇಲ್ಲೆಲ್ಲಿ?

"ಕೋಳಿ ಯಾಕ ಬೇಕು? ನಾ ಇದ್ದೀನಲ್ಲ," ಅಂದೆ.

"ನೀವು ಕೂಡ್ತೀರೇನು ಅದರ ಮ್ಯಾಲ?" ಅಂತ ನಕ್ಕಳು. ತಾಯಿ ಹೋದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು.

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಂತರೆ ಕೂದಲೆಳೆಯಷ್ಟು ತಪ್ಪೂ ಆಗಗೊಡುತ್ತಿರಲಿಲ್ಲ. ಸರಕಾರಿ ಕೋಳಿ ಸಾಕಣೆ ಕೇಂದ್ರವೊಂದರಲ್ಲಿ ಕಾವಿನ ಯಂತ್ರ ನೋಡಿದ್ದೆ. ಒಂದು ಪೆಟ್ಟಿಗೆ, ಒಂದು ದೀಪ, ಅಷ್ಟೆ. ಚಹಾಪುಡಿಯ ಹಳೆಯ ಕಟ್ಟಿಗೆ ಪೆಟ್ಟಿಗೆ ತಂದೆ. ತಳಕ್ಕೆ ತಗಡು, ತಗಡಿನ ಕೆಳಗೆ ಕಂದೀಲು, ಹೊಗೆ ಹೋಗಲು ಕೊಳವೆ, ಒಳಗೆ ನೀರಿನ ತಟ್ಟೆ, ಮುಚ್ಚಳಕ್ಕೆ ಗಾಜು. ಕಾರ್ಖಾನೆ ಎರಡು ಗಲ್ಲಿ ಆಚೆಗಿತ್ತು. ಮಧ್ಯಾಹ್ನ ಊಟದ ಸೂಟಿಯಲ್ಲಿ ಓಡಿ ಬಂದು ಮೊಟ್ಟೆ ಹೊರಳಿಸಿ ಹೋಗುತ್ತಿದ್ದೆ. ಹೆಂಡತಿಗೆ ಕಂದೀಲಿನ ಬತ್ತಿ ನೋಡಿಕೊಳ್ಳುವುದಷ್ಟೇ ಕೆಲಸ. ಒಮ್ಮೆ ಆಕೆ ಏನೋ ಹೇಳಲು ಬಂದಾಗ, "ಇದು ಮಷೀನು, ನಿಮ್ಮವ್ವನ ಕೋಳಿ ಅಲ್ಲ. ಲೆಕ್ಕ ನನಗ ಬಿಡು," ಅಂದಿದ್ದೆ. ಆಕೆ ಬತ್ತಿ ಸರಿಮಾಡಲು ತಿರುಗಿದಳು.

ಮೊಟ್ಟೆ ಇಟ್ಟಿದ್ದು ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಕೂಡಲೇ ಪೆಟ್ಟಿಗೆಯ ಮೇಲೆ ಖಡುವಿನ ಬಿಳಿ ತುಂಡಿನಿಂದ ಒಂದು ಗೆರೆ ಎಳೆದೆ. ದಿನಕ್ಕೊಂದು ಗೆರೆ, ಇಪ್ಪತ್ತೊಂದಕ್ಕೆ ಮರಿ.

ಇಪ್ಪತ್ತೊಂದನೇ ಗೆರೆಯ ದಿನಕ್ಕೆ ಹಿಂದಿನ ದಿನವೇ ರಜೆ ಹಾಕಿದೆ. ಹಾಕುವಾಗ ಇಡೀ ಕಾರ್ಖಾನೆಗೆ ಕೇಳುವ ಹಾಗೆ ಹೇಳಿದ್ದೆ: "ನಾಳೆ ನಮ್ಮ ಮನಿಯೊಳಗ ಹನ್ನೊಂದು ಬಾಣಂತನ."

ಆ ದಿನ ಬೆಳಿಗ್ಗೆ ಏನೂ ಇಲ್ಲ. ಹತ್ತು ಗಂಟೆಗೂ ಇಲ್ಲ. ಗಾಳಿ ಬಡಿಯಬಾರದೆಂದು ಕಿಟಕಿಗೆ ಗೋಣಿಚೀಲ ತುರುಕಿದ್ದೆ. ಬಾಗಿಲು ತೆಗೆದರೆ ನೆರೆಯವರು, ಹಾಕಿಕೊಂಡರೆ ಸೀಮೆಎಣ್ಣೆಯ ವಾಸನೆ. ಅಂಗಿ ಬೆನ್ನಿಗೆ ಅಂಟಿತ್ತು. ಕಾರ್ಖಾನೆಗೆ ಹೋಗೋಣವೆಂದರೆ ಯಾವ ಮುಖ ಹೊತ್ತು ಹೋಗಲಿ? ಒಂದೇ ಖೋಲಿಯ ಗೋಡೆಯಿಂದ ಗೋಡೆಗೆ ನಾಲ್ಕು ಹೆಜ್ಜೆ, ಅದನ್ನೇ ತುಳಿಯುತ್ತಿದ್ದೆ.

ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆಗಿದ್ದ, ಪಕ್ಕದ ಖೋಲಿಯ ಉಡುಪಿಯವರು ಬಾಗಿಲ ಸಂದಿಯಿಂದ ಕೂಗಿದರು: "ಎಂತ ಮಾರಾಯ್ರೆ, ಮರಿಗಳಿಗೆ ಲೋಕಲ್ ಟ್ರೈನು ತಪ್ಪಿತಾ?"

"ಬರ್ತಾವ್ರೀ, ಬರ್ತಾವ," ಅಂದೆ. ದನಿ ನನಗೇ ಹಿಡಿಸಲಿಲ್ಲ.

ನಾಲ್ಕಕ್ಕೆ ಕೆಳಗಿನ ನಳಕ್ಕೆ ನೀರು ಬಂತು. ಹೆಂಡತಿ ಕೊಡ ತಗೊಂಡು ಕೆಳಗಿಳಿದಳು. ನಾನು ಮುಚ್ಚಳ ತೆಗೆದು ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದೆ. ಒಳಗೆ ಏನೋ ಕೆರೆದಂತಾಯಿತು. ಪಾಪ, ಒಳಗೆ ಸಿಕ್ಕಿಬಿದ್ದಿದೆ, ಹೊರಗೆ ಬರಲು ಆಗುತ್ತಿಲ್ಲ ಅಂದುಕೊಂಡೆ. ಬಿಡಿಸಬೇಕಾದವನು ನಾನೇ. ಸಣ್ಣ ಅರದ ತುದಿಯಿಂದ ಸಿಪ್ಪೆಯನ್ನು ತೂತು ಮಾಡಿ ಬಿಡಿಸತೊಡಗಿದೆ.

ಒಳಪೊರೆಯಿಂದ ರಕ್ತ ಬಂತು. ಮರಿ ಇತ್ತು, ಜೀವವೂ ಇತ್ತು. ಆದರೆ ಹೊಟ್ಟೆಯೊಳಗೆ ಸೇರಬೇಕಾದ ಮೊಟ್ಟೆಯ ಹಳದಿ ಇನ್ನೂ ಹೊರಗೆ ಜೋತಾಡುತ್ತಿತ್ತು. ಅಂಗೈಯಲ್ಲಿ ಎರಡು ಸಲ ಕೊಕ್ಕು ತೆರೆಯಿತು. ಆಮೇಲೆ ತೆರೆಯಲಿಲ್ಲ.

ಮೆಟ್ಟಿಲಲ್ಲಿ ಕೊಡದ ಸಪ್ಪಳ ಕೇಳುವುದರೊಳಗೆ ಹಳೆಯ ಪೇಪರಿನಲ್ಲಿ ಸುತ್ತಿ ಹಿಂದಿನ ಗಟಾರಿಗೆ ಎಸೆದು ಬಂದು ಕೈ ತೊಳೆದೆ.

ಆಕೆ ಕೊಡ ಇಳಿಸಿ ಪೆಟ್ಟಿಗೆಯೊಳಗೆ ನೋಡಿದಳು. "ಹತ್ತ ಅದಾವ?"

"ಒಂದು ಕೊಳತಿತ್ತು. ಒಡದು ನೋಡಿ ಒಗದೆ."

ಆಕೆ ರೊಟ್ಟಿ ಬಡಿಯಲು ಕೂತಳು. ನಾನು ಉಳಿದವನ್ನೂ ಒಡೆದು ನೋಡಲೋ, ಕಂದೀಲು ಆರಿಸಿಬಿಡಲೋ ತಿಳಿಯದೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಆಕೆ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ, ಕೇಳಿದಳು:

"ನಾ ಒಂದ ಮಾತ ಹೇಳಲೇನ್ರಿ?"

"ಹೇಳು."

"ಅವ್ವ ರಾತ್ರಿ ಎಣಸ್ತಿದ್ದಳು. ಕೋಳಿ ಕೂತ ಮ್ಯಾಲ ಇಪ್ಪತ್ತೊಂದು ರಾತ್ರಿ ಕಳೀಬೇಕು. ನಿನ್ನೆಗೆ ಇಪ್ಪತ್ತಾತು. ಇನ್ನೊಂದು ರಾತ್ರಿ ಐತಿ."

ನಾನು ಪೆಟ್ಟಿಗೆಯ ಗೆರೆಗಳನ್ನು ನೋಡಿದೆ. ಮೊದಲನೇ ಗೆರೆ, ಮೊಟ್ಟೆ ಇಟ್ಟ ಸಂಜೆಯೇ ಎಳೆದದ್ದು. ಕಾರ್ಖಾನೆಯಲ್ಲಿ ಹಾಗೆಯೇ, ಸಂಜೆ ಪಾಳಿಗೆ ಕಾಲಿಟ್ಟರೂ ಆ ದಿನದ್ದು ಒಂದು ಹಾಜರಿ. ಮೊಟ್ಟೆಗೂ ನಾನು ಹಾಜರಿ ಹಾಕಿಬಿಟ್ಟಿದ್ದೆ.

"ಮೊದಲ ಯಾಕ ಹೇಳಲಿಲ್ಲ?"

"ಲೆಕ್ಕ ನನಗ ಬಿಡು ಅಂದಿದ್ರಲ್ಲ."

ಮರುದಿನ ಮಧ್ಯಾಹ್ನ ಮೊದಲ ಸಿಪ್ಪೆ ಸೀಳಿತು. ಕತ್ತಲಾಗುವುದರೊಳಗೆ ಎಂಟು ಮರಿ; ಎರಡು ಮೊಟ್ಟೆ ಹಾಗೇ ಉಳಿದವು. ಉಡುಪಿಯವರು ಬಂದು, "ಪರವಾಗಿಲ್ಲ ಮಾರಾಯ್ರೆ, ಒಂದು ದಿನ ಲೇಟು ಅಷ್ಟೆ," ಅಂದರು. ಚಾಳಿನವರೆಲ್ಲ ಬಂದು ನೋಡಿ ನನ್ನನ್ನೇ ಹೊಗಳಿದರು. ಮರಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಕೂತಿದ್ದ ಆಕೆ, ಎಲ್ಲರೂ ಹೋದ ಮೇಲೆ ಮೆಲ್ಲಗೆ ಅಂದಳು:

"ಕೊಳತ ಮೊಟ್ಟಿ ಒಡದರ ಖೋಲಿ ತುಂಬ ನಾರಬೇಕಲ್ಲ. ನಿನ್ನೆ ನಾತನ ಇದ್ದಿದ್ದಿಲ್ಲ."

ನಾನು ಬಾಗಿಲು ತೆಗೆದೆ, ಕಿಟಕಿಯ ಗೋಣಿಚೀಲವನ್ನೂ ಎಳೆದು ಹಾಕಿದೆ. ಗಾಳಿ ಬಂತು. ಆದರೂ ಉಸಿರು ಬಿಗಿಹಿಡಿದಂತೆಯೇ ಇತ್ತು, ನಡೆದದ್ದನ್ನು ಆಕೆಗೆ ಹೇಳಿ ಮುಗಿಸುವವರೆಗೂ.