ಬಲಕ್ಕೆ ಬಿದ್ದ ಹೂವು

ಅಡಿಕೆ ಮರದ ಸಿಂಗಾರ ಹೂವಿನ ಹಾಳೆ ಬಿಚ್ಚಿದಾಗ ಬರುವ ಆ ಹಸಿ ಪರಿಮಳ ನನಗೆ ಆಗಿಬರುವುದಿಲ್ಲ. ಹೊನ್ನಾವರದ ಪೇಟೆಯಲ್ಲಿ ಹೂವಿನವಳ ಬುಟ್ಟಿಯಿಂದ ಮೂಗಿಗೆ ಬಡಿದರೆ ಸಾಕು, ನಾನು ಮತ್ತೆ ನಮ್ಮೂರು ಮಾವಿನಕುರ್ವೆಯಲ್ಲಿ ಜಟಗ ದೇವರ ಕಲ್ಲಿನೆದುರು ಅಜ್ಜಿಯ ಸೆರಗು ಹಿಡಿದು ನಿಂತಿರುತ್ತೇನೆ. ಈಗ ಅಲ್ಲಿ ನಮ್ಮ ಮನೆಯಿಲ್ಲ, ಹೊಳೆ ದಡ ಕೊರೆದುಕೊಂಡು ಹೋಯಿತು. ಆ ಮನೆಗೆ ಏನೇ ತಾಪತ್ರಯ ಬಂದರೂ ಅಪ್ಪನ ಅಮ್ಮ, ಅಂದರೆ ನನ್ನಜ್ಜಿ, ಮೊದಲು ಓಡುತ್ತಿದ್ದದ್ದು ಜಟಗನ ಹತ್ತಿರ. ಪೂಜಾರಿ ಸಿಂಗಾರದ ಎಸಳುಗಳನ್ನು ನೀರಲ್ಲಿ ಅದ್ದಿ ಕಲ್ಲಿನ ಎಡಕ್ಕೂ ಬಲಕ್ಕೂ ಅಂಟಿಸುತ್ತಿದ್ದ. ಕೇಳುವುದನ್ನು ಕೇಳಿಕೊಂಡು ಕಾಯಬೇಕು. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ದನ ಕರು ಹಾಕುವುದರಿಂದ ಹಿಡಿದು ನನ್ನ ಜ್ವರ ಇಳಿಯುವವರೆಗೆ ಎಲ್ಲವನ್ನೂ ಅಜ್ಜಿ ಅಲ್ಲಿಯೇ ಕೇಳಿದ್ದಳು. ಅಬ್ಬಾ, ಆ ನಂಬಿಕೆಯೇ! "ಅವ ಇದ್ದಾನೆ, ನಮ್ಗೆಂತ ಹೆದ್ರಿಕೆ?" ಎನ್ನುವಳು. ನಿಮ್ಮ ಮನೆಯಲ್ಲೂ ಇಂಥ ಅಜ್ಜಿ ಇದ್ದಿರಬಹುದು. ಅವಳ ಮಗ್ಗುಲಲ್ಲಿ ಮಲಗುತ್ತಿದ್ದ ನನಗೂ ಯಾವ ಹೆದರಿಕೆಯೂ ಇರಲಿಲ್ಲ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ದಿನಗಳು. ಅಪ್ಪ ಊರಿನ ಇನ್ನಿಬ್ಬರ ಜೊತೆ ಹೋಗಿದ್ದ ದೋಣಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿತು. ಆ ಇಬ್ಬರ ಹೆಣಗಳು ಮರುದಿನ ದಡಕ್ಕೆ ಬಂದವು, ಅಪ್ಪ ಬರಲಿಲ್ಲ. ಊರ ಗಂಡಸರು ಹುಡುಕಿದರು, ಪೊಲೀಸರ ಬೋಟೂ ಹುಡುಕಿತು. ಅಮ್ಮ ಮರಳಲ್ಲಿ ಕೂತೇ ಇದ್ದಳು. ಅಜ್ಜಿ ನನ್ನನ್ನು ಎಳೆದುಕೊಂಡು ಜಟಗನ ಮುಂದೆ ಹೋಗಿ, "ನನ್ನ ಮಗ ಮನೆಗೆ ಬತ್ತಾನಾ ಇಲ್ವಾ, ಹೇಳು" ಎಂದು ಕೈಮುಗಿದು ನಿಂತಳು. ಬಿಸಿಲೇರಿತು. ಎಸಳು ಅಲ್ಲಾಡಲೇ ಇಲ್ಲ. "ಇವತ್ತು ದೇವ್ರು ಕೊಡುದಿಲ್ಲ, ನಾಳೆ ಬಾ ಮಾರಾಯ್ತಿ" ಎಂದು ಪೂಜಾರಿ ಬೇಡಿಕೊಂಡರೂ ಅವಳು ಕದಲಲಿಲ್ಲ. ಕಡೆಗೂ ಒಂದು ಎಸಳು ಬಿತ್ತು. ಬಲದ್ದೇ. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ದಡಕ್ಕೆ ಓಡಿ, ಅಮ್ಮನ ತುರುಬಿಗೆ ಸಿಕ್ಕಿಸಿ, "ಅಳ್ಬೇಡ, ಬಲಕ್ಕೆ ಕೊಟ್ಟಿದ್ದಾನೆ" ಎಂದಳು.

ಅಂದಿನಿಂದ ಅಪ್ಪ ಸತ್ತವನೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಡುವ ಹಾಗಿರಲಿಲ್ಲ. ದಿನ ಮಾಡಿಸಲಿಲ್ಲ, ಕರ್ಮ ಮಾಡಿಸಲಿಲ್ಲ. ಮಹಾಲಯ ಅಮಾವಾಸ್ಯೆಯಲ್ಲಿ ಎಲ್ಲರ ಹಿತ್ತಿಲಲ್ಲೂ ತೀರಿಕೊಂಡವರ ಹೆಸರಿನಲ್ಲಿ ಕಾಗೆಗೆ ಎಲೆ ಹಾಕಿದರೆ, ನಮ್ಮಲ್ಲಿ ಅಪ್ಪನ ಹೆಸರಿನ ಎಲೆ ಇಲ್ಲ. "ಬದ್ಕಿದ್ದವಂಗೆ ಎಡೆ ಇಡುದಾ? ಬಾಯಿಗೆ ಹುಳ ಬೀಳ್ತದೆ!" ಎಂದು ಅಜ್ಜಿ ನೆಂಟರನ್ನು ಅಂಗಳದಿಂದಲೇ ಅಟ್ಟಿದಳು. ಅಮ್ಮ ಕುಂಕುಮ ಇಟ್ಟುಕೊಂಡೇ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದಳು. ಊರಬಾಯಿಗೆ ಬೀಗ ಹಾಕಲಾದೀತೇ? ಮದುವೆ ಮನೆಯಲ್ಲಿ ಕುಂಕುಮದ ಬಟ್ಟಲು ಅಮ್ಮನ ಹತ್ತಿರ ಬಂದಾಗ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಮೇಲೆ ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ಒಮ್ಮೆ ನಾನು ತಡೆಯಲಾರದೆ, "ನಿನ್ನ ಜಟಗ ಸುಳ್ಳ!" ಎಂದು ಕೂಗಿಬಿಟ್ಟೆ. ಅಜ್ಜಿ ಬೈಯಲಿಲ್ಲ. "ಬತ್ತಾನೆ ಅಂದ. ಯಾವಾಗ ಅಂತ ನಾ ಕೇಳ್ಲಿಲ್ಲ. ತಪ್ಪು ನಂದು ಮಗಾ, ಅವಂದಲ್ಲ" ಎಂದಳು. ಆ ದೇವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಜ್ಜಿಯ ಮೇಲೆ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಸಿಟ್ಟು ಬರುವುದಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಅಜ್ಜಿ ತೀರಿಕೊಂಡಳು. ಕೊನೆಯ ಉಸಿರಿನವರೆಗೂ ಅವಳ ನಂಬಿಕೆ ಒಂದು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ಅಮ್ಮ ಅವಳ ಬಾಯಿಗೆ ನೀರು ಬಿಟ್ಟು, "ಬತ್ತಾರೆ ಅತ್ತೆ, ಬತ್ತಾರೆ" ಎನ್ನುತ್ತಲೇ ಇದ್ದಳು. ಕರ್ಮದ ದಿನ ಅಜ್ಜಿಯ ಹೆಸರಿನ ಎಲೆಯನ್ನು ಹಿತ್ತಿಲಲ್ಲಿಟ್ಟು ನೆಂಟರೆಲ್ಲ ಕಾಗೆಗಾಗಿ ಕಾಯುತ್ತಿದ್ದರು. ಅಮ್ಮ ಒಳಗೆ ಹೋದವಳು ಇನ್ನೊಂದು ಎಲೆ ತಂದಳು. ಅನ್ನ, ವಡೆ, ಪಾಯಸ, ಎಲ್ಲ ಬಡಿಸಿತ್ತು. ಅದನ್ನು ಅಜ್ಜಿಯ ಎಲೆಯ ಪಕ್ಕದಲ್ಲಿಟ್ಟಳು.

"ಇದು ಯಾರಿಗಮ್ಮಾ?" ಎಂದೆ.

"ನಿನ್ನ ಅಪ್ಪಂಗೆ," ಎಂದಳು ತಲೆ ಎತ್ತದೆ. "ಇಷ್ಟು ವರ್ಷ ಹಸ್ಕಂಡೇ ಇದ್ರು, ಪಾಪ."

ಒಂದು ಕಾಗೆ ಇಳಿದು ಬಂದು ಮೊದಲು ಅಪ್ಪನ ಎಲೆಗೇ ಬಾಯಿ ಹಾಕಿತು. ಅಮ್ಮ ಅಲ್ಲೇ ಕುಸಿದು ಕೂತು, ಗಂಡ ಈಗಷ್ಟೇ ಸತ್ತವಳ ಹಾಗೆ, ದೊಡ್ಡ ದನಿ ತೆಗೆದು ಅತ್ತಳು.