ಎಡಗೈಲೆ ಉಣ್ಣೋ ಊರು

ಗಂಜಿ ಹಾಕಿದ ಬಿಳಿ ಬಟ್ಟೆ ಇನ್ನೂ ಹಸಿಯಾಗಿರುವಾಗ ಒಂದು ವಾಸನೆ ಬರುತ್ತದಲ್ಲ, ಅದು ಎಲ್ಲಿ ಮೂಗಿಗೆ ಬಡಿದರೂ ನನಗೆ ನಾರಾಯಣಪೇಟೆಯ ನಮ್ಮ ಮನೆ ನೆನಪಾಗುತ್ತದೆ. ಅದು ಮಗ್ಗಗಳ ಮನೆ. ಅಂಗಳದುದ್ದಕ್ಕೂ ಗಂಜಿ ಹಚ್ಚಿದ ನೂಲು ಬಿಸಿಲು ಕಾಯುತ್ತಿತ್ತು, ಹಾಗಾಗಿ ಮನೆ ನೆನಪಾಗುವುದು ಸಹಜ. ಆದರೆ ಅದರ ಬೆನ್ನಿಗೇ ಒಂದು ಸಿನಿಮಾ ನೆನಪಾಗುತ್ತದೆ, ನಗು ಬರುತ್ತದೆ. ಆ ಸಿನಿಮಾ ನಗುವುದಕ್ಕೋ ಅಳುವುದಕ್ಕೋ ಎಂದು ಈ ವಯಸ್ಸಿನಲ್ಲೂ ನನಗೆ ತೀರ್ಮಾನವಾಗಿಲ್ಲ. ನಿಮಗಾದರೂ ತಿಳಿದೀತೇನೋ, ಕೇಳಿ.

ಅದು ನಿಜಾಮರ ಕಾಲ. ನಾನು ಆಗಷ್ಟೇ ಉರ್ದು ಶಾಲೆಗೆ ಸೇರಿದ್ದ ಪುಟ್ಟ ಹುಡುಗಿ. ಮನೆಯ ಯಜಮಾನ ನನ್ನ ತಾತ. ವಿಭೂತಿ ಹಚ್ಚದೆ ಬಾಯಿಗೆ ನೀರೂ ಹಾಕದವರು, ಪದ್ಧತಿ ಎಂದರೆ ಪದ್ಧತಿ. ಅವರ ಮಗಳು, ಎಂದರೆ ನನ್ನ ಸೋದರತ್ತೆ ನೀಲಮ್ಮನನ್ನು ಗದ್ವಾಲಿನ ನೇಕಾರರ ಮನೆಗೆ ಕೊಟ್ಟಿದ್ದರು. ಗದ್ವಾಲಿನ ಆ ಮಾವ ಎಡಚ. ಅಗಲ ಅಂಚಿನ ಸೀರೆ ನೇಯಲು ಇಬ್ಬರು ಕೂಡಬೇಕಾಗುತ್ತಿತ್ತು. ಮಾವನ ಎಡಗೈ ಕಳಿಸಿದ ನೂಲಿನ ಲಾಳಿಯನ್ನು ಅತ್ತೆಯ ಬಲಗೈ ಹಿಡಿಯುತ್ತಿತ್ತಂತೆ. ಮದುವೆಯಾದ ಮೇಲಿನ ಮೊದಲ ಹಬ್ಬಕ್ಕೆ ಅವರು ನಮ್ಮ ಮನೆಗೆ ಬಂದಾಗ, ಪಂಕ್ತಿಯಲ್ಲಿ ಎಲ್ಲರೆದುರು ತಾತ, "ಅಳಿಯಂದ್ರ, ಈ ಮನ್ಯಾಗ ಬಲಗೈಲೆ ಉಣ್ರಿ" ಎಂದುಬಿಟ್ಟರು. ಮಾವ ಬಲಗೈಯಲ್ಲಿ ಉಣ್ಣಲು ಹೋಗಿ ಹೊಸ ಅಂಗಿಯ ಮೇಲೆಲ್ಲ ಸಾರು ಚೆಲ್ಲಿಕೊಂಡರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಮರುವರ್ಷದ ಹಬ್ಬ ಬರುವುದರೊಳಗೆ ಜ್ವರ ಬಂದು ತೀರಿಕೊಂಡರು, ಅತ್ತೆ ತನ್ನ ಟ್ರಂಕಿನೊಡನೆ ತವರಿಗೆ ಬಂದಳು. ಬಂದವಳು ಮಗ್ಗಕ್ಕೆ ಕೂತಳು, ನನ್ನ ತಲೆ ಬಾಚಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಆದರೆ ನಗಲಿಲ್ಲ. ತಾತ ಉಣ್ಣುವಾಗಲೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. "ಒಂದ್ಸಲ ನಕ್ಕರ ಸಾಕು ನನಗ" ಎಂದು ಅಜ್ಜಿಯ ಹತ್ತಿರ ಹೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸಿನವರು ಮಕ್ತಲ್ ಕಡೆಯಿಂದ ಬಂದು ಊರ ಹೊರಗೆ ಡೇರೆ ಹಾಕಿದರು. ಗಂಡಸರಿಗೆ ಸಿನಿಮಾ ಪರದೆಯ ಮುಂದೆ ಜಾಗ, ಹೆಂಗಸರ ಜನಾನಾ ಪರದೆಯ ಹಿಂದೆ. ಚಿತ್ರ ಹಿಂದಕ್ಕೂ ಮೂಡಲೆಂದು ಆಟಕ್ಕೆ ಮೊದಲು ಒಬ್ಬ ಪರದೆಯ ಗಂಜಿ ಹಾಕಿದ ಬಿಳಿ ಬಟ್ಟೆಗೆ ಕೊಡಗಟ್ಟಲೆ ನೀರು ಎರಚುತ್ತಿದ್ದ. ಆಗ ಡೇರೆಯೆಲ್ಲ ನಮ್ಮ ಅಂಗಳದ ವಾಸನೆ ತುಂಬುತ್ತಿತ್ತು. ವಿಧವೆಯನ್ನು ಸಿನಿಮಾಕ್ಕೆ ಕರೆದೊಯ್ದರೆ ಜನ ಆಡಿಕೊಂಡಾರೆಂಬ ಅಂಜಿಕೆ ಬಿಟ್ಟು ಅಜ್ಜಿ ಅತ್ತೆಯನ್ನೂ ನನ್ನನ್ನೂ ಎಳೆದುಕೊಂಡು ಹೋದಳು. ಸಿನಿಮಾದಲ್ಲಿ ದೇವರಿಲ್ಲ, ಯುದ್ಧವಿಲ್ಲ. ಯಾವುದೋ ಸಣ್ಣ ಊರಿನ ಒಬ್ಬ ಗುಮಾಸ್ತ, ಅವನ ಮನೆಗೆ ಊಟಕ್ಕೆಂದು ಬಂದ ಹೆಂಡತಿಯ ಅಣ್ಣ ವಾಪಸು ಹೋಗುವುದೇ ಇಲ್ಲ, ಹೋಗು ಎನ್ನಲು ಗುಮಾಸ್ತನಿಗೆ ನಾಲಿಗೆ ಏಳುವುದಿಲ್ಲ, ಇಷ್ಟೇ ಕಥೆ. ಕಡೆಗೆ ಭಾವ ತಾನಾಗಿ ಹೊರಟು ಟಾಂಗಾ ಹತ್ತಿದಾಗ ಗುಮಾಸ್ತನೇ ಕಣ್ಣೊರೆಸಿಕೊಂಡು, ಇನ್ನೆರಡು ದಿನ ಇದ್ದು ಹೋಗು ಎಂದು ಗೋಗರೆಯುತ್ತಾನೆ. ಗಂಡಸರ ಕಡೆಯಿಂದ ಆಕಳಿಕೆ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ದಿನಾ ನಡೆಯುವುದನ್ನು ದುಡ್ಡು ಕೊಟ್ಟು ಯಾಕೆ ನೋಡಬೇಕೆಂದು ನನಗೂ ಗೊಂದಲ.

ಆದರೆ ಜನಾನಾ ಬಿದ್ದು ಬಿದ್ದು ನಗುತ್ತಿತ್ತು. ಯಾಕೆಂದರೆ ಆ ಸಿನಿಮಾದಲ್ಲಿ ಊಟದ ಮೇಲೆ ಊಟ, ಉಣ್ಣುವವರೆಲ್ಲ ಎಡಗೈಯಲ್ಲಿ ಉಣ್ಣುತ್ತಿದ್ದರು. ಗುಮಾಸ್ತ, ಭಾವ, ಊರ ಹಿರಿಯರು, ಕಡೆಗೆ ಮಂತ್ರ ಹೇಳಿ ಎದ್ದ ಪುರೋಹಿತ ಕೂಡ! ಹಿಂದಿನಿಂದ ನೋಡಿದರೆ ಬಲ ಎಡವಾಗುತ್ತದೆಂದು ಯಾರಿಗೂ ಹೊಳೆಯಲಿಲ್ಲ; ಹೆಚ್ಚಿನವರು ಸಿನಿಮಾ ನೋಡುತ್ತಿದ್ದುದೇ ಮೊದಲ ಸಲ. ಉರ್ದು ಅಕ್ಷರಗಳು ತಿರುಗುಮುರುಗಾಗಿ ಕಂಡಾಗ ನಾನು, ನನಗಿನ್ನೂ ಓದು ಬಂದಿಲ್ಲ ಎಂದುಕೊಂಡೆ. "ಎಡಗೈಲೆ ಉಣ್ಣೋ ಊರವ್ವ ಅದು, ಅಲ್ಲಿ ಪದ್ಧತಿ ಹಂಗ ಇರಬೇಕು" ಎಂದಳು ಅಜ್ಜಿ. ಆಗ ನನ್ನ ಪಕ್ಕದಲ್ಲಿ ಒಂದು ಸದ್ದು ಕೇಳಿತು. ನೀಲಮ್ಮತ್ತೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಉಳಿದವರ ಹಾಗೆ ಬೆರಳು ತೋರಿಸಿ ಅಲ್ಲ. ಬಹಳ ದಿನಕ್ಕೆ ಬಂದ ನಂಟರನ್ನು ಬಾಗಿಲಲ್ಲಿ ಕಂಡಾಗ ನಗುತ್ತೇವಲ್ಲ, ಹಾಗೆ.

ಸುದ್ದಿ ಕೇಳಿದ ತಾತನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮರುದಿನ ಟಾಕೀಸಿನವರಿಗೆ ದುಂಬಾಲು ಬಿದ್ದು, ಮನೆಯ ಹೆಂಗಸರಿಗೆಂದು ಪರದೆಯ ಮುಂದೆಯೇ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಸಿದರು. ಹಿಂದೆ ಕೂತು ಅಷ್ಟು ನಕ್ಕವಳು ಮುಂದೆ ಕೂತರೆ ಇನ್ನೆಷ್ಟು ನಕ್ಕಾಳು ಎಂಬ ಲೆಕ್ಕ ಅವರದು. ಅದೇ ಗುಮಾಸ್ತ ಬಂದ, ಅದೇ ಭಾವ ಬಂದ. ಊಟಕ್ಕೆ ಕೂತು ಇಬ್ಬರೂ ಬಲಗೈಯಲ್ಲಿ ಉಂಡರು. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ತಾತ ಪರದೆ ಬಿಟ್ಟು ಮಗಳ ಮುಖವನ್ನೇ ನೋಡುತ್ತಿದ್ದರು.

"ಇದು ಆ ಸಿನಿಮಾ ಅಲ್ಲಪ್ಪಾ" ಎಂದಳು ಅತ್ತೆ.

"ಅದ ಐತೆವ್ವ. ಅದ ಮನುಷ್ಯಾ, ಅದ ಮನಿ."

"ಮನುಷ್ಯಾ ಅದ. ಊರು ಅದಲ್ಲ. ಅಲ್ಲಿ ಎಲ್ಲಾರೂ ಅವರಂಗ ಉಣ್ತಿದ್ರು. ಯಾರೂ ಯಾರಿಗೂ ನಗ್ತಿದ್ದಿಲ್ಲ."

ತಾತ ಎದ್ದು ಚಿತ್ರ ಬಿಡುವ ಮಿಶಿನ್ನಿನವನ ಹತ್ತಿರ ಹೋದರು. "ಹಿಂದಿಂದ ನೋಡಿದ್ರ ಎಲ್ಲಾ ಉಲ್ಟಾ ಕಾಣ್ತೈತ್ರಿ" ಎಂದು ಅವನು ನಕ್ಕ. ತಾತ ನಗಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ತಾತ ಊಟಕ್ಕೆ ಕೂತು, "ನೀಲವ್ವ, ನೀನ ನೀಡು" ಎಂದರು. ಅತ್ತೆ ಅನ್ನ ಸಾರು ನೀಡಿದಳು. ತಾತ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯನ್ನು ತಟ್ಟೆಗೆ ಹಾಕಿದರು. ತುತ್ತು ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಉದುರಿತು, ಸಾರು ಎದೆಯ ವಿಭೂತಿಯ ಮೇಲೆ ಹರಿಯಿತು. "ಏನ್ ಮಾಡಾಕತ್ತೀರಿ ಇದು?" ಎಂದು ಅಜ್ಜಿ ಕೂಗಿದಳು.

"ಕಠಿಣ ಐತಿ" ಎಂದರು ತಾತ, ಮಗಳ ಕಡೆ ನೋಡದೆ. "ಅವಗ ಬಲಗೈಲೆ ಹಿಂಗ ಆಗಿರಬೇಕು."

ಅತ್ತೆ ನಕ್ಕಳು. ನಾನು ಕಿವಿಯಾರೆ ಕೇಳಿದೆ, ಗಟ್ಟಿಯಾಗಿಯೇ ನಕ್ಕಳು. ನಗುತ್ತಲೇ ಬಾಗಿ ಸೆರಗಿನಿಂದ ತಾತನ ಎದೆ ಒರೆಸಿದಳು, ಒರೆಸುತ್ತ ಒರೆಸುತ್ತ ಅವಳ ಭುಜ ಅಲುಗತೊಡಗಿತು, ಮುಖ ಮಾತ್ರ ನನಗೆ ಕಾಣಲಿಲ್ಲ. ತಾತ ಇನ್ನೊಂದು ತುತ್ತಿಗೆ ಎಡಗೈಯನ್ನೇ ಹಾಕಿದರು. ನಾನು ನಗಬೇಕೋ ಬೇಡವೋ ತಿಳಿಯದೆ ಅಜ್ಜಿಯ ಮುಖ ನೋಡಿದೆ, ಅವಳಿಗೂ ತಿಳಿದಂತಿರಲಿಲ್ಲ.

ಆ ಮನೆ ಈಗಿಲ್ಲ, ಆ ಜನರೂ ಇಲ್ಲ. ಸಣ್ಣ ಊರಿನ, ಏನೂ ಆಗದ ಇಂಥ ಹಾಸ್ಯದ ಸಿನಿಮಾ ಟೀವಿಯಲ್ಲಿ ಬಂದರೆ ನಾನು ಕೆಲಸ ಬಿಟ್ಟು ಕೂಡುತ್ತೇನೆ. ಯಾರಾದರೂ ಊಟಕ್ಕೆ ಕೂಡಲಿ ಎಂದು ಕಾಯುತ್ತೇನೆ. ಕೂಡುತ್ತಾರೆ, ಎಲ್ಲರೂ ಬಲಗೈಯಲ್ಲೇ ಉಣ್ಣುತ್ತಾರೆ. ಎದ್ದು ಹಿಂದಿನಿಂದ ಒಮ್ಮೆ ನೋಡೋಣವೆಂದರೆ, ಟೀವಿಯ ಹಿಂದೆ ಗೋಡೆ ಇದೆ.