ಅರವತ್ತಮೂರು ಎಳೆ, ಐವತ್ತಮೂರು ಎಳೆ

ನವಲಗುಂದದ ಜಮಾಲಬಿಗೆ ಓದಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆಕೆ ಬಿ.ಎ. ಓದುವ ಮಗಳಿಗೆ ಅಮೆರಿಕದ ಸರಕಾರದ ಪಾಠ ಹೇಳಲಿದ್ದಾಳೆ. ಆಗ ಯಾರೂ ಹುಬ್ಬೇರಿಸಬಾರದು. ಕ್ಯಾಲೆಂಡರಿನ ಅಂಕಿಗಳು ಆಕೆಗೆ ಗೊತ್ತಿದ್ದವು. ಎಣಿಕೆಯಂತೂ ನಿದ್ದೆಯಲ್ಲೂ ತಪ್ಪುತ್ತಿರಲಿಲ್ಲ. ಮನೆಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ ಆಡುತ್ತಿದ್ದರೂ ಎಳೆ ಎಣಿಸುವಾಗ ಮಾತ್ರ ಅಚ್ಚ ಕನ್ನಡ.

ಎಳೆ ಎಂದರೆ ಜಮಖಾನೆಯ ಎಳೆ. ಹಿಂದಿನ ಕೋಣೆಯಲ್ಲಿ ಗೋಡೆಗೆ ನಿಲ್ಲಿಸಿದ ಮಗ್ಗ, ಅದರ ಮುಂದೆ ಒಂದು ಹಲಗೆ. ಹಲಗೆಯ ಮೇಲೆ ಕೂತು ಬಣ್ಣದ ನೂಲನ್ನು ಒಂದೊಂದೇ ಎಳೆಯಾಗಿ ತೂರಿಸಿ, ಪಂಜದಿಂದ ಬಡಿದು ಕೂಡಿಸಬೇಕು. ಪಂಜವೆಂದರೆ ಉಗುರಿನ ಹಾಗೆ ಬಾಗಿದ ಹಲ್ಲುಗಳಿರುವ ಕಬ್ಬಿಣದ ಹಣಿಗೆ. ಕೆಳಗಿನಿಂದ ಮೇಲಕ್ಕೆ ನವಿಲು ಏಳುತ್ತದೆ, ಪಗಡೆಯ ಹಾಸು ಏಳುತ್ತದೆ, ನಮಾಜಿನ ಜಮಖಾನೆಯಾದರೆ ಗುಮ್ಮಟ ಏಳುತ್ತದೆ. ಇದು ಹೆಂಗಸರ ಕೆಲಸ. ಜಮಾಲಬಿಯ ಗಂಡ ಫಕ್ರುಸಾಬ ಹತ್ತಿಬೀಜ ಬಿಡಿಸುವ ಜಿನ್ನಿನಲ್ಲಿ ದುಡಿಯುತ್ತಿದ್ದ. ಮಗ್ಗದ ಕೋಣೆಯೊಳಗೆ ಅವನ ಮಾತು ನಡೆಯುತ್ತಿರಲಿಲ್ಲ.

ಅಲ್ಲಿ ನಡೆಯುತ್ತಿದ್ದುದು ಅವನ ತಾಯಿ ಜೈನಬಿಯ ಮಾತು. ಜಮಾಲಬಿ ಹದಿನೇಳು ವರ್ಷದವಳಾಗಿ ಕುಂದಗೋಳದಿಂದ ಸೊಸೆಯಾಗಿ ಬಂದ ಐದನೆಯ ದಿನ ಜೈನಬಿ ಆಕೆಯ ಕೈಗೆ ಪಂಜ ಕೊಟ್ಟು, ಅದರ ಮೇಲೆ ಇನ್ನೊಂದು ಕೈ ಇಡಿಸಿ ಆಣೆ ಮಾಡಿಸಿದ್ದಳು: ಈ ವಿದ್ಯೆಯನ್ನು ಸೊಸೆಗೆ ಕಲಿಸುತ್ತೇನೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಇನ್ನೊಬ್ಬರ ಮನೆಗೆ ಹೋಗುವವಳು, ಆಕೆಯ ಜೊತೆ ಮನೆಯ ನೇಯ್ಗೆಯ ನಕ್ಷೆಯೂ ಹೋಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಆಣೆ ಮುರಿದರೆ ಪಂಜ ವಾಪಸು. ಪಂಜ ಹೋದ ಹೆಂಗಸು ಬೇರೆಯವರ ಮನೆಯಲ್ಲಿ ನೂಲು ಸುತ್ತಿ ದಿನ ಕಳೆಯಬೇಕು.

ಜೈನಬಿ ಈ ಮಾತನ್ನು ಬರೀ ಸೊಸೆಗೆ ಹೇಳಿ ತಾನು ತಪ್ಪಿಸಿಕೊಂಡವಳಲ್ಲ. ಆಕೆಗೂ ಒಬ್ಬ ಮಗಳಿದ್ದಳು, ಖಾತೂನಬಿ, ಅಣ್ಣಿಗೇರಿಗೆ ಕೊಟ್ಟಿತ್ತು. ಪ್ರತಿ ಈದಿಗೆ ತವರಿಗೆ ಬಂದವಳು ಮಗ್ಗದ ಕೋಣೆಯ ಬಾಗಿಲಿಗೆ ಒರಗಿ ನಿಂತು ನೋಡುವಳು. ಜೈನಬಿ ತಿರುಗಿಯೂ ನೋಡದೆ, ಖಾತೂನ, ಚಹಾ ಮಾಡು ಹೋಗು ಅನ್ನುವಳು. ಖಾತೂನಬಿ ಹೋಗಿ ಚಹಾ ಮಾಡುವಳು. ಹೀಗೆ ಮೂವತ್ತು ವರ್ಷದ ಚಹಾ ಆಗಿತ್ತು. ಜಮಾಲಬಿ ಇದನ್ನು ನೋಡುತ್ತಲೇ ಬಂದಿದ್ದಳು, ಬಾಯಿ ಬಿಡುವಂತಿರಲಿಲ್ಲ.

ಆಮೇಲೆ ಆಕೆಯೇ ಅದನ್ನು ಮಾಡಬೇಕಾಗಿ ಬಂತು. ಮಗಳು ಮೈಮುನ ಅಂಬೆಗಾಲಿನಲ್ಲಿದ್ದಾಗಲೇ ಹಲಗೆ ಹತ್ತಲು ಬರುತ್ತಿದ್ದಳು. ಜಮಾಲಬಿ ಎತ್ತಿ ಹೊರಗೆ ಬಿಡುತ್ತಿದ್ದಳು. ತುಸು ದೊಡ್ಡವಳಾದ ಮೇಲೆ ಪಾಟಿ, ಬಳಪ ಕೊಟ್ಟು ಅಂಗಳಕ್ಕೆ ಕಳಿಸಿದಳು. ಅವ್ವನಿಗೆ ತನಗಿಂತ ಮಗ್ಗವೇ ಹೆಚ್ಚು ಎಂದು ಹುಡುಗಿ ತಿಳಿದುಕೊಂಡಿತು, ಸಿಟ್ಟಿನಿಂದಲೇ ಓದಿತು, ಓದುತ್ತ ಓದುತ್ತ ಆ ಓಣಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣಾಯಿತು. ಮಗಳು ತನ್ನನ್ನು ತಪ್ಪು ತಿಳಿದಿದ್ದಾಳೆಂದು ಜಮಾಲಬಿಗೆ ಗೊತ್ತಿತ್ತು. ಸರಿಮಾಡಲು ಹೋದರೆ ಆಣೆಯ ಕತೆ ಹೇಳಬೇಕು, ಹೇಳಿದರೆ ಮಗಳು ಅಜ್ಜಿಯ ಮೇಲೆ ಏರಿಹೋಗುತ್ತಾಳೆ.

ಸಾವಿರದ ಒಂಬೈನೂರ ಎಂಬತ್ನಾಲ್ಕರ ಬೇಸಿಗೆಯ ಹೊತ್ತಿಗೆ ಮೈಮುನಳ ಓದು ಒಂದು ಕಡೆ ಸಿಕ್ಕಿಬಿತ್ತು. ರಾಜ್ಯಶಾಸ್ತ್ರದ ಸಣ್ಣಪ್ಪ ಸರ್ ಅಮೆರಿಕದ ಸರಕಾರ ಕಲಿಸುತ್ತಿದ್ದರು. ಧಾರವಾಡದ ರದ್ದಿ ಅಂಗಡಿಗಳಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಹೊತ್ತು ತಂದು, ಅವುಗಳೊಳಗಿನ ವ್ಯಂಗ್ಯಚಿತ್ರ, ನಕ್ಷೆಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ಮಕ್ಕಳ ಕೈಗೆ ಕೊಡುವುದು ಅವರ ಹುಚ್ಚು. ಚಿತ್ರ ಓದಲು ಬಂದವನಿಗೆ ಯಾವ ಪುಢಾರಿಯೂ ಟೋಪಿ ಹಾಕಲಾರ ಎಂದು ನಂಬಿದ ಮನುಷ್ಯ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದಕ್ಕೇ ಹದಿನೈದು ಅಂಕ ಇಟ್ಟಿದ್ದರು.

ಮೈಮುನ ಗಿಳಿಯ ಹಾಗೆ ಹೇಳುವವಳು. ಸೆನೆಟ್ಟಿನಲ್ಲಿ ಎಷ್ಟು ಮಂದಿ, ಅಧ್ಯಕ್ಷ ತಡೆದ ಮಸೂದೆಯನ್ನು ಮತ್ತೆ ಪಾಸು ಮಾಡಲು ಎಷ್ಟು ಮತ ಬೇಕು, ಎಲ್ಲ ಬಾಯಿಪಾಠ. ಚಿತ್ರ ಬಂದಾಗ ಮಾತ್ರ ಕೈ ಚೆಲ್ಲಿದಳು. ಆನೆ, ಕತ್ತೆ ಇದ್ದ ವ್ಯಂಗ್ಯಚಿತ್ರಕ್ಕೆ, ಅಮೆರಿಕದವರು ಪ್ರಾಣಿಗಳನ್ನು ಗೌರವಿಸುತ್ತಾರೆ ಎಂದು ಬರೆದಳು. ಅರವತ್ತನೇ ಇಸವಿಯಲ್ಲಿ, ಎಂಬತ್ತನೇ ಇಸವಿಯಲ್ಲಿ ಅಲ್ಲಿ ನೂರಕ್ಕೆ ಎಷ್ಟು ಜನ ಮತ ಹಾಕಿದರು ಎಂದು ಎರಡು ಕಂಬಗಳಲ್ಲಿ ತೋರಿಸಿದ ನಕ್ಷೆಗೆ, ಮತ ಹಾಕುವವರು ಕಾಲು ಭಾಗಕ್ಕೆ ಇಳಿದರು ಎಂದು ಬರೆದಳು. ಸರ್ ಕೆಂಪು ಮಸಿಯಲ್ಲಿ ಗೀಚಿದ್ದರು: ನೋಡಿದ್ದೀಯ, ಓದಿಲ್ಲ. ಹದಿನೈದು ದಿನ ಬಿಟ್ಟು ಇನ್ನೊಂದು ಅವಕಾಶ, ಅದರಲ್ಲೂ ಹೋದರೆ ಈ ವರ್ಷ ಪರೀಕ್ಷೆಯ ಫಾರ್ಮು ಇಲ್ಲ. ಫಕ್ರುಸಾಬ ಮೆತ್ತಗಿನ ಮನುಷ್ಯ, ಬೈಯಲಿಲ್ಲ. ಈ ಸಲ ಆಗದಿದ್ದರೆ ಕಾಲೇಜು ಸಾಕು ಎಂದಷ್ಟೇ ಹೇಳಿ ಜಿನ್ನಿಗೆ ಹೋದ.

ನಾಲ್ಕು ದಿನ ಮಗಳು ರಟ್ಟುಗಳನ್ನು ಮುಂದೆ ಹರಡಿಕೊಂಡು ಕೂತಿದ್ದನ್ನು ಜಮಾಲಬಿ ನೋಡಿದಳು. ಐದನೆಯ ದಿನ ಮಧ್ಯಾಹ್ನ ಒಂದನ್ನು ಕೈಗೆತ್ತಿಕೊಂಡು, ಇದು ಯಾವ ಊರಿನ ದರ್ಗಾ ಎಂದು ಕೇಳಿದಳು. ಮೈಮುನ ನಕ್ಕೇ ನಕ್ಕಳು. ಅದು ದರ್ಗಾ ಅಲ್ಲ, ಅಮೆರಿಕದವರು ಕಾನೂನು ಮಾಡುವ ಮನೆ. ಆನೆ ಒಂದು ಪಕ್ಷದ ಗುರುತು, ಕತ್ತೆ ಇನ್ನೊಂದರದು ಎಂದು ವಿವರಿಸಿದಳು. ಗುಮ್ಮಟ ಇದ್ದ ಮೇಲೆ ದರ್ಗಾ ಅಲ್ಲದೆ ಇನ್ನೇನು ಎಂಬ ಅನುಮಾನ ಜಮಾಲಬಿಗೆ ಕಡೆಯ ತನಕ ಉಳಿಯಿತು. ತಿಳಿದೂ ತಿಳಿದೂ ಕತ್ತೆಯನ್ನು ಗುರುತಾಗಿ ಇಟ್ಟುಕೊಂಡ ಪಕ್ಷದ ಬಗ್ಗೆಯಂತೂ ಕನಿಕರ ಹುಟ್ಟಿತು.

ಚಿತ್ರದಲ್ಲಿ ಆ ಗುಮ್ಮಟದ ಮನೆ ಒಂದು ಗಾಡಿಯ ಮೇಲಿತ್ತು. ಆನೆ ಗಾಡಿಯನ್ನು ಈ ಕಡೆ ಎಳೆಯುತ್ತಿತ್ತು, ಕತ್ತೆ ಆ ಕಡೆ. ನೇಯುವವರಿಗೆ ಒಂದು ರೂಢಿ ಉಂಟು: ಯಾವ ಜಮಖಾನೆಯನ್ನೇ ನೋಡಲಿ, ಮೊದಲು ಮೂಲೆ ನೋಡುತ್ತಾರೆ. ನಡುವಿನ ನವಿಲನ್ನು ಯಾರಾದರೂ ಚೆಂದ ಮಾಡುತ್ತಾರೆ, ಕಳ್ಳತನವೆಲ್ಲ ಮೂಲೆಯಲ್ಲಿ. ಜಮಾಲಬಿಯ ಕಣ್ಣು ಚಿತ್ರದ ಮೂಲೆಗೆ ಹೋಯಿತು.

"ಗಾಲಿ ಕೆಳಗ ಒಬ್ಬಾಂವ ಸಿಕ್ಕೊಂಡಾನ ನೋಡ್ ಬೇ," ಅಂದಳು. "ಆನಿ ಕತ್ತಿ ಅಷ್ಟ ದೊಡ್ಡವು, ಇಂವ ಇಷ್ಟ ಸಣ್ಣಾಂವ. ಗಾಡಿ ಯಾರದು ಅಂತ ಮೊದಲ ಕೇಳು."

ಮೈಮುನ ಬಗ್ಗಿ ನೋಡಿದಳು. ಗಾಲಿಯಡಿಯ ಮನುಷ್ಯನ ಕೋಟಿನ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ತೆರಿಗೆ ಕಟ್ಟುವವನು ಎಂದು ಇಂಗ್ಲಿಷಿನಲ್ಲಿತ್ತು. ಹದಿನೈದು ಸಲ ನೋಡಿದ ಚಿತ್ರದಲ್ಲಿ ಅದು ಆಕೆಯ ಕಣ್ಣಿಗೇ ಬಿದ್ದಿರಲಿಲ್ಲ. ಅವ್ವನನ್ನು ಆಕೆ ಬೇರೆ ಬಗೆಯಲ್ಲಿ ನೋಡಿದ್ದು ಅವತ್ತೇ ಮೊದಲು.

ಕಂಬದ ನಕ್ಷೆಯ ವಿಷಯ ಇಷ್ಟು ಸಲೀಸಾಗಲಿಲ್ಲ. ಅರವತ್ತರ ಕಂಬ ಎತ್ತರಕ್ಕೆ ನಿಂತಿತ್ತು, ಎಂಬತ್ತರದು ಅದರ ಮೊಣಕಾಲಿಗೂ ಬರುತ್ತಿರಲಿಲ್ಲ. ತಲೆಯ ಮೇಲಿನ ಅಂಕಿ ಒಂದಕ್ಕೆ ಅರವತ್ತಮೂರು, ಇನ್ನೊಂದಕ್ಕೆ ಐವತ್ತಮೂರು. ಜಮಾಲಬಿ ಒಂದು ಗಳಿಗೆ ನೋಡಿ, ಇದರ ಕೆಳಗಿನ ಅಂಚು ಎಲ್ಲಿ ಹೋಯಿತು ಎಂದಳು. ಅಲ್ಲಿ ಬುಡದಲ್ಲಿ ಸೊನ್ನೆ ಇರಲಿಲ್ಲ, ಐವತ್ತು ಎಂದಿತ್ತು. ಯಾರೋ ಕೆಳಗಿನ ಐವತ್ತು ಎಳೆ ಕತ್ತರಿಸಿ ಒಗೆದು, ಮೇಲಿನದನ್ನಷ್ಟೇ ತೋರಿಸಿದ್ದಾರೆ ಎಂದು ವಾದಿಸಿದಳು. ಮೈಮುನ ಒಪ್ಪಲಿಲ್ಲ. ಅಮೆರಿಕದಲ್ಲಿ ಅಚ್ಚಾದದ್ದು, ನುಣುಪು ಕಾಗದ, ಅಷ್ಟು ಓದಿದವರು ಬರೆದದ್ದು. ಅಂಥದ್ದು ಮೋಸ, ಓದು ಬರದ ಅವ್ವ ಸರಿ ಎಂದರೆ ಹೇಗೆ? ಜಮಾಲಬಿ ಹುಣಸೆಬೀಜ ಸುರಿದು ಎಣಿಸಿ ತೋರಿಸಿದಳು. ಅಂಕಿ ತನಗೂ ಗೊತ್ತು, ಆದರೆ ಕಂಬ ಸಣ್ಣದಾಗಿ ಕಾಣುವುದು ನಿಜ ತಾನೇ ಎಂದು ಮಗಳು ಹಟ ಹಿಡಿದಳು. ಆ ಹುಡುಗಿಗೆ ಕಣ್ಣಿನ ಮೇಲೆ ಅಷ್ಟು ನಂಬಿಕೆ.

ಮರುದಿನ ಜೈನಬಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋದಳು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಜಮಾಲಬಿ ಪಂಜ ಹಿಡಿದು ಮಗ್ಗದ ಮುಂದೆ ಕೂತಳು. ಪಂಜ ಕಳೆದುಕೊಂಡರೆ ಮುಂದಿನ ಬಾಳು ಹೇಗಿರುತ್ತದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು, ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ: ಅಮೆರಿಕದ ನಕ್ಷೆ ಒಂದು ನೆವ. ಮಗಳನ್ನು ಆ ಹಲಗೆಯ ಮೇಲೆ ಕೂರಿಸಿಕೊಳ್ಳಬೇಕೆಂದು ಇಪ್ಪತ್ತು ವರ್ಷದಿಂದ ಆಕೆಯ ಜೀವ ಬಡಿದುಕೊಳ್ಳುತ್ತಿತ್ತು.

"ಇಲ್ಲೆ ಬಾ. ಬಾಜೂಕ ಕುಂದ್ರು," ಅಂದಳು.

ಮೈಮುನ ಹೊಸ್ತಿಲಲ್ಲೇ ನಿಂತಳು. ಹಲಗೆಯ ಕಡೆ, ಅವ್ವನ ಕಡೆ ನೋಡಿದಳು. ಆಗ ಜಮಾಲಬಿ ಆಣೆಯ ಕತೆಯನ್ನೆಲ್ಲ ಹೇಳಿದಳು, ಪಾಟಿ ಕೊಟ್ಟು ಅಂಗಳಕ್ಕೆ ಕಳಿಸಿದ್ದು ಯಾಕೆಂಬುದನ್ನೂ ಹೇಳಿದಳು. ಹುಡುಗಿ ಅಜ್ಜಿಯ ಮೇಲೆ ಏರಿಹೋಗಲಿಲ್ಲ. ಬಂದು ಅವ್ವನ ಬಾಜು ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು, ಯಾವ ನೂಲು ಎಂದು ಕೇಳಿದಳು.

ಮಗ್ಗದ ಮೇಲೆ ಹೊಸ ಜಮಖಾನೆ ಆಗತಾನೇ ಶುರುವಾಗಿತ್ತು. ಒಂದು ಬದಿಗೆ ಕೆಂಪು ಪಟ್ಟಿ, ಅದರ ಪಕ್ಕ ಹಸಿರು. ಮೈಮುನ ತೂರಿಸಿದಳು, ಬಡಿದಳು, ಬಾಯಲ್ಲಿ ಎಣಿಸಿದಳು. ಬೆರಳು ನೊಂದವು. ಐವತ್ತನೇ ಎಳೆಯ ತನಕ ಎರಡೂ ಪಟ್ಟಿ ಜೊತೆಜೊತೆಗೇ ಏರಿದವು. ಐವತ್ತಮೂರಕ್ಕೆ ಹಸಿರು ನಿಂತಿತು. ಕೆಂಪು ಇನ್ನು ಹತ್ತು ಎಳೆ ಏರಿ ನಿಂತಿತು. ಗೇಣಿನ ಹತ್ತಿರಕ್ಕೆ ಬಂದ ಎರಡು ಪಟ್ಟಿಗಳು, ನಡುವಿನ ಫರಕು ಎರಡು ಬೆರಳಗಲ.

"ಇಷ್ಟಽ ಏನ?" ಅಂದಳು ಮೈಮುನ.

ರಟ್ಟನ್ನು ತಂದು ಪಕ್ಕದಲ್ಲಿ ಹಿಡಿದು ನೋಡಿದಳು. ಆಮೇಲೆ ಇನ್ನೊಂದು ರಟ್ಟು ತಂದಳು, ಮತ್ತೊಂದು ತಂದಳು. ಎಲ್ಲದರಲ್ಲೂ ಮೊದಲು ಬುಡ ನೋಡಿದಳು. ಸಂಜೆಯೊಳಗೆ ಅಂಚು ಕತ್ತರಿಸಿದವು ಮೂರು ಸಿಕ್ಕವು.

ಆ ಎರಡು ಪಟ್ಟಿಗಳನ್ನು ಬಿಚ್ಚಿ ತೆಗೆಯಬೇಕಿತ್ತು. ಜಮಾಲಬಿ ಎರಡು ಸಲ ಕೈ ಹಾಕಿದಳು, ಮನಸ್ಸು ಬರಲಿಲ್ಲ, ನಾಳೆ ಎಂದು ಬಿಟ್ಟಳು. ನಾಳೆ ಶುಕ್ರವಾರ ಎಂಬುದು ನೆನಪಿರಲಿಲ್ಲ.

ಜೈನಬಿಯ ಎರಡೂ ಕಣ್ಣಿಗೆ ಪೊರೆ ಬಂದು ಆರು ವರ್ಷವಾಗಿತ್ತು. ಆದರೂ ಪ್ರತಿ ಶುಕ್ರವಾರ ನಮಾಜು ಮುಗಿಸಿ ಮಗ್ಗದ ಮೇಲೆ ಕೈಯಾಡಿಸಿ ನೋಡುವುದನ್ನು ಬಿಟ್ಟಿರಲಿಲ್ಲ. ಮನೆಯ ಎಲ್ಲ ಸೊಸೆಯರ ಕೈ ಆಕೆಗೆ ಗೊತ್ತು. ಸತ್ತವರು ನೇಯ್ದ ಜಮಖಾನೆಯನ್ನೂ ಮುಟ್ಟಿ ಹೆಸರು ಹೇಳುವಳು. ಅವತ್ತು ಬೆರಳು ಕೆಂಪು ಪಟ್ಟಿಯ ಮೇಲೆ ನಿಂತವು. ಕೆಳಗಿನಿಂದ ಮೇಲಕ್ಕೆ ಹೋದವು, ಮತ್ತೆ ಕೆಳಗೆ ಬಂದವು. ಇದು ಯಾರ ಕೈ ಎಂದು ಕೇಳಿದಳು.

ನನ್ನದೇ ಎಂದು ಹೇಳಲು ಜಮಾಲಬಿಯ ನಾಲಿಗೆ ಏಳಲಿಲ್ಲ. ಮೈಮುನಳದು ಎಂದಳು. ಜೈನಬಿ ಕೂಗಾಡಲಿಲ್ಲ. ಅಂಗೈ ಮುಂದೆ ಚಾಚಿದಳು, ಜಮಾಲಬಿ ಪಂಜ ತಂದು ಇಟ್ಟಳು. ಮುದುಕಿ ಅದನ್ನು ತನ್ನ ತಲೆದಿಂಬಿನ ಕೆಳಗೆ ಸೇರಿಸಿದಳು.

ಎಂಟು ದಿನ ಮಗ್ಗ ಹಾಗೇ ನಿಂತಿತ್ತು. ಜಮಾಲಬಿ ಪಕ್ಕದ ಓಣಿಗೆ ಹೋಗಿ ನೂಲು ಸುತ್ತಿ ಬಂದಳು. ಅಲ್ಲಿನವರು ಯಾಕೆಂದು ಕೇಳಲಿಲ್ಲ, ಕೇಳದಿದ್ದುದೇ ಆಕೆಗೆ ಹೆಚ್ಚು ನೋವಾಯಿತು. ಮಗಳ ಮುಂದೆ ಮಾತ್ರ ಮುಖ ಬಾಡದ ಹಾಗೆ ನೋಡಿಕೊಂಡಳು.

ಒಂಬತ್ತನೆಯ ದಿನ ಮೈಮುನ ಕಾಲೇಜಿನಿಂದ ಬಂದವಳೇ ನೆಟ್ಟಗೆ ಅಜ್ಜಿಯ ಹಾಸಿಗೆಯ ಹತ್ತಿರ ಹೋಗಿ ಕೂತಳು. ಹದಿನೈದಕ್ಕೆ ಹನ್ನೆರಡು ಬಂದಿತ್ತು. ಸರ್ ಹೊಸ ನಕ್ಷೆ ಕೊಟ್ಟಿದ್ದರು, ಅದರ ಬುಡವೂ ಕತ್ತರಿಸಿತ್ತು, ತಾನು ಪೂರ್ತಿ ನಕ್ಷೆಯನ್ನು ಅಂಚಿನಿಂದ ಬರೆದು ತೋರಿಸಿದೆ ಎಂದು ಅಜ್ಜಿ ಕೇಳದಿದ್ದರೂ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಜಮಾಲಬಿಗೆ ಒಳಗೆ ಬರುವ ಧೈರ್ಯವಾಗಲಿಲ್ಲ.

ಬುಡ ಯಾಕೆ ಕತ್ತರಿಸುತ್ತಾರೆ ಎಂದು ಜೈನಬಿ ಕೇಳಿದಳು. ಸಣ್ಣ ಫರಕು ದೊಡ್ಡದಾಗಿ ಕಾಣಲಿ, ಜನ ಹೆದರಲಿ ಎಂದು, ಅಂದಳು ಮೈಮುನ. ಮುದುಕಿ ಎದ್ದು, ಮೊಮ್ಮಗಳ ಹೆಗಲು ಹಿಡಿದು ಮಗ್ಗದ ಕೋಣೆಗೆ ನಡೆದಳು. ಎರಡೂ ಪಟ್ಟಿಗಳನ್ನು ಬುಡದಿಂದ ಮತ್ತೆ ಮುಟ್ಟಿದಳು. ಮುಟ್ಟುತ್ತ ಮುಟ್ಟುತ್ತ ಬೆರಳು ನಿಧಾನವಾದವು.

"ಎಲ್ಲಾರ ಕೈನೂ ನನಗ ಗೊತ್ತು," ಅಂದಳು. "ಖಾತೂನನ ಕೈ ಎಂಥಾದ್ದಿತ್ತೋ, ಗೊತ್ತಽ ಇಲ್ಲ."

ಹಿಂದೆಯೇ ಬಂದಿದ್ದ ಜಮಾಲಬಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಖಾತೂನಬಿ ಒರಗಿ ನಿಲ್ಲುತ್ತಿದ್ದ ಚೌಕಟ್ಟು ಅದೇ.

ಸ್ವಲ್ಪ ಹೊತ್ತಿಗೆ ಜೈನಬಿ, ಒಂದು ಕಾರ್ಡು ತಂದು ಅಣ್ಣಿಗೇರಿಗೆ ಬರೆ ಎಂದು ಮೊಮ್ಮಗಳಿಗೆ ಹೇಳಿದಳು. ಮೈಮುನ ಮೊಣಕಾಲ ಮೇಲೆ ಪುಸ್ತಕ ಇಟ್ಟು ಅದರ ಮೇಲೆ ಕಾರ್ಡು ಇಟ್ಟುಕೊಂಡಳು. ಈದ್ ತನಕ ಕಾಯಬೇಡ, ಈ ವಾರವೇ ಬಾ ಎಂದು ಅಜ್ಜಿ ಮೊದಲು ಬರೆಸಿದಳು. ನನ್ನ ಕಣ್ಣು ಹೋದವು, ನಿನ್ನವು ಇರುವಾಗಲೇ ಬಂದು ಮಗ್ಗಕ್ಕೆ ಕೂರು ಎಂದು ಬರೆಸಿದಳು. ಮುಗಿಯಿತೇನು ಎಂದು ಮೈಮುನ ಕೇಳಿದಳು.

"ಇಲ್ಲ," ಅಂದಳು ಜೈನಬಿ. "ಚಹಾ ನಾ ಮಾಡ್ತೀನಿ ಅಂತ ಬರಿ."

ಜಮಾಲಬಿ ಹಾಸಿಗೆಯ ಹತ್ತಿರ ಹೋಗಿ ತಲೆದಿಂಬು ಎತ್ತಿದಳು. ಪಂಜವನ್ನು ತಂದು ಮಗ್ಗದ ಬುಡದಲ್ಲಿಟ್ಟು, ಎಂಟು ದಿನದ ಧೂಳು ಕೂತಿದ್ದ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದಳು.